ಒಂದು ಪ್ರಶ್ನೆ ಕೇಳಲು ವಾಲ್ಸಾಲ್‌ಗೆ

ನವೆಂಬರ್ ಕೊನೆಯ ಗುರುವಾರ ಬೆಳಿಗ್ಗೆ ಎಂಟೂಕಾಲರ ರೈಲಿಗೆ ಮ್ಯಾಕಲ್ಸ್‌ಫೀಲ್ಡ್ ಬಿಟ್ಟೆ. 2004ನೆಯ ಇಸವಿ. ಲೀಡ್ಸಿಗೆ ಹೋಗಿಬರುವ ಟಿಕೆಟ್ಟಿಗೆ ಹತ್ತೊಂಬತ್ತು ಪೌಂಡು ಚಿಲ್ಲರೆ ಆಯಿತು. ಕೆಲಸಕ್ಕೆ ಎರಡು ದಿನ ರಜೆ ಹಾಕಿದ್ದೆ. ಯಾಕೆಂದು ಕೇಳಿದವರಿಗೆ ಸ್ನೇಹಿತರ ಮನೆಯಲ್ಲಿ ಕಾಯಿಲೆ ಎಂದಿದ್ದೆ. ಕಾಯಿಲೆ ಬಂದಿದ್ದು ಹಾವುಗಳಿಗೆ ಎಂದು ಹೇಳಿರಲಿಲ್ಲ.

ಮ್ಯಾಂಚೆಸ್ಟರ್ ಪಿಕ್ಕಡಿಲಿಯಲ್ಲಿ ರೈಲು ಬದಲಿಸಬೇಕು. ಲೀಡ್ಸಿನ ಗಾಡಿ ಇಪ್ಪತ್ತು ನಿಮಿಷ ತಡವಿತ್ತು. ಪ್ಲಾಟ್‌ಫಾರಂ ಮೇಲೆ ನಿಂತು ಕಾಗದದ ಲೋಟದಲ್ಲಿ ಚಹಾ ಕುಡಿದೆ. ಸ್ಟೇಲಿಬ್ರಿಜ್ ದಾಟಿದ ಮೇಲೆ ಎರಡೂ ಕಡೆ ಗುಡ್ಡಗಳು ಬಂದವು, ಆಮೇಲೆ ಉದ್ದನೆಯ ಸುರಂಗ ಬಂತು. ಸುರಂಗದ ಆಚೆ ಯಾರ್ಕ್‌ಶೈರ್. ಅಲ್ಲಿ ಮಳೆ ಹಿಡಿದಿತ್ತು, ಗಾಜಿನ ಮೇಲೆ ಅಡ್ಡಡ್ಡ ಹರಿಯುತ್ತಿತ್ತು.

ನಾನು ಹೋಗುತ್ತಿದ್ದುದು ಡಾಕ್ಟರ್ ಈರಣ್ಣನವರ ಮನೆಗೆ. ಧಾರವಾಡದ ಕಡೆಯವರು. ಲೀಡ್ಸಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ವೈದ್ಯರಾಗಿ ಬಹಳ ವರ್ಷ ಕೆಲಸ ಮಾಡಿ, ಆಗ ವಾರಕ್ಕೆ ಎರಡೇ ದಿನ ಹೋಗುತ್ತಿದ್ದರು. ಹನ್ನೆರಡು ವರ್ಷಗಳ ಹಿಂದೆ ನಾನು ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ, ಬಾಡಿಗೆ ಮನೆ ಸಿಗುವವರೆಗೆ ಮೂರು ವಾರ ನನ್ನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದರು. ಆಗಲೇ ಅವರ ಊಟದ ಕೋಣೆಯಲ್ಲಿ ಮೇಜು ಕುರ್ಚಿ ಇರಲಿಲ್ಲ. ಗೋಡೆಯುದ್ದಕ್ಕೂ ಗಾಜಿನ ಬಾಗಿಲಿನ ಮರದ ಪೆಟ್ಟಿಗೆಗಳು, ಒಳಗೆ ಬೋವಾ ಹಾವುಗಳು. ವಿಷವಿಲ್ಲದ, ಸುತ್ತಿ ಹಿಡಿಯುವ ಜಾತಿ. ಈ ದೇಶದಲ್ಲಿ ಸಾವಿರಾರು ಜನ ಅವನ್ನು ಮನೆಯಲ್ಲಿ ಸಾಕುತ್ತಾರೆ. ಡಾಕ್ಟರು ಒಂದೇ ಜೋಡಿಯಿಂದ ಹದಿನಾರು ವರ್ಷದಲ್ಲಿ ಒಂದು ವಂಶ ಬೆಳೆಸಿದ್ದರು.

ಬೆಳೆಸುವ ರೀತಿ ಅವರದ್ದೇ ಆಗಿತ್ತು. ಒಂದು ಹೆಣ್ಣು ಮೂರು ವರ್ಷಕ್ಕೊಮ್ಮೆ ಮಾತ್ರ ಮರಿ ಹಾಕಬೇಕು. ಮರಿ ಹನ್ನೆರಡು ಸಲ ತಿಂದು ಅರಗಿಸಿಕೊಂಡ ಮೇಲೆಯೇ ಮಾರಾಟ. ಪ್ರತಿ ಹಾವಿಗೂ ಒಂದು ಕಾರ್ಡು. ತಿಂದದ್ದು, ಪೊರೆ ಬಿಟ್ಟದ್ದು, ತೂಕ, ಎಲ್ಲ ಅದರಲ್ಲಿ. ಕೊಳ್ಳಲು ಬಂದವರಿಗೆ ಮೊದಲ ಭೇಟಿಯಲ್ಲಿ ಕೊಡುತ್ತಿರಲಿಲ್ಲ. "ಕನ್ಯಾ ನೋಡಾಕ ಬಂದಾಂಗ ಬರ್ತಾರ. ಮನಿಗೆ ಹೋಗಿ ಯೋಚನಿ ಮಾಡಿ ಎರಡನೇ ಸಲ ಬಂದ್ರ, ಅವರಿಗೆ ಖರೇ ಬೇಕು ಅಂತ," ಎನ್ನುತ್ತಿದ್ದರು. ಅವರ ಹೆಂಡತಿ ಗಿರಿಜಾ ವೈನಿ ಕಟ್ಟಾ ಸಸ್ಯಾಹಾರಿ. ಸತ್ತ ಇಲಿಗಳನ್ನಿಡಲು ಗರಾಜಿನಲ್ಲಿ ಬೇರೆ ಫ್ರೀಜರ್ ಇಡಿಸಿ, ಅದರ ಬೀಗದ ಕೈ ಮನೆಯೊಳಗೆ ತರಬಾರದೆಂದು ನಿಯಮ ಮಾಡಿದ್ದರು. ಹಾವಿಗೆ ಊಟ ಹಾಕಿದ ದಿನ ಡಾಕ್ಟರು ಸ್ನಾನ ಮಾಡಿಯೇ ಅಡುಗೆಮನೆಗೆ ಬರಬೇಕು.

ಇನ್ನೊಂದು ನಿಯಮ ಎಲ್ಲಕ್ಕಿಂತ ಮುಖ್ಯ. ಹೊರಗಿನಿಂದ ಬಂದ ಯಾವ ಹಾವೂ ಮೂರು ತಿಂಗಳು ಆ ಕೋಣೆ ಸೇರುವಂತಿಲ್ಲ. ಗರಾಜಿನ ಪಕ್ಕದ ಸಣ್ಣ ಕೋಣೆಯಲ್ಲಿ ಬೇರೆಯಾಗಿರಬೇಕು. ಆ ನಿಯಮ ಹದಿನಾರು ವರ್ಷದಲ್ಲಿ ಒಂದೇ ಸಲ ಮುರಿಯಿತು, ಅದೂ ನನ್ನಿಂದ.

ಜೂನ್‌ನಲ್ಲಿ ಡಾಕ್ಟರಿಗೆ ಅರವತ್ತು ತುಂಬಿತು. ಲೆಸ್ಟರ್‌ನಿಂದ ಅಯ್ಯನವರು ಬಂದು ಪೂಜೆ ಮಾಡಿಸಿದರು, ನಲವತ್ತು ಜನ ಸೇರಿದ್ದರು. ಏನು ಉಡುಗೊರೆ ಕೊಡಲಿ ಎಂದು ಯೋಚಿಸಿ ನಾನು ವಾಲ್ಸಾಲ್ ಹತ್ತಿರದ ಒಂದು ಅಂಗಡಿಯಿಂದ ಬೋವಾ ಮರಿ ತಂದಿದ್ದೆ. ಬೆನ್ನ ಮೇಲೆ ಕಿತ್ತಳೆ ಬಣ್ಣದ ಪಟ್ಟೆಗಳಿದ್ದ ಚೆಂದದ ಹಾವು. ಅಂಗಡಿಯವನು ಅದರ ಜೊತೆ ಅಚ್ಚು ಹಾಕಿಸಿದ ಕಾರ್ಡು ಕೊಟ್ಟಿದ್ದ. ಆರೋಗ್ಯ ಪರೀಕ್ಷೆ ಆಗಿದೆ ಎಂದು ಅದರಲ್ಲಿತ್ತು. ಎಲ್ಲರ ಮುಂದೆ ಪೆಟ್ಟಿಗೆ ಕೊಟ್ಟೆ. ವೈನಿ ನಗುತ್ತ ಪೆಟ್ಟಿಗೆಗೂ ಕುಂಕುಮ ಹಚ್ಚಿದರು. ಡಾಕ್ಟರು ನನ್ನ ಕಿವಿಯ ಹತ್ತಿರ ಬಂದು, "ಬ್ಯಾರೆ ಇಟ್ಟಿದ್ರೇನೋ? ಚೆಕ್ ಆಗೇತಿ?" ಎಂದು ಕೇಳಿದರು. ನಾನು, "ಎಲ್ಲಾ ಆಗಿದೆ ಡಾಕ್ಟ್ರೇ, ನಾನೇ ನೋಡಿದೀನಿ," ಎಂದೆ.

ನಾನು ನೋಡಿದ್ದು ಆ ಕಾರ್ಡನ್ನು ಮಾತ್ರ. ನನ್ನ ಕೆಲಸ ಔಷಧಿ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ. ಅಲ್ಲಿ ಒಂದು ಬ್ಯಾಚ್ ಮಾತ್ರೆ ನನ್ನಂಥವರ ಸಹಿಯಿಲ್ಲದೆ ಗೋದಾಮಿನಿಂದ ಹೊರಗೆ ಹೋಗುವುದಿಲ್ಲ. ಹಾಗಾಗಿ ನನ್ನ ಮಾತಿಗೆ ಡಾಕ್ಟರು ಬೆಲೆ ಕೊಟ್ಟರು. ಶುಭದಿನ ತಂದ ಉಡುಗೊರೆಯನ್ನು ಜನರ ಮುಂದೆಯೇ ಇಲಿಗಳ ಫ್ರೀಜರ್ ಪಕ್ಕಕ್ಕೆ ಸಾಗಿಸುವುದು ಅವರಿಗೆ ಸರಿ ಕಾಣಲಿಲ್ಲ. ನೇರವಾಗಿ ಊಟದ ಕೋಣೆಗೆ ಒಯ್ದು, ಉಳಿದ ಮೂವತ್ತೊಂದರ ನಡುವೆ ಒಂದು ಪೆಟ್ಟಿಗೆಯಲ್ಲಿ ಬಿಟ್ಟರು.

ಲೀಡ್ಸಿನಲ್ಲಿ ಇಳಿದಾಗ ಹನ್ನೊಂದಾಗಿತ್ತು. ಬಸ್ಸಿನಲ್ಲಿ ಮೂರ್‌ಟೌನಿಗೆ ಹೋದೆ. ವೈನಿ ಬಾಗಿಲು ತೆಗೆದರು. "ಬರ್ರಿ ಮಂಜುನಾಥ," ಎಂದು ಒಳಗೆ ದಾರಿ ಬಿಟ್ಟರು. ಡಾಕ್ಟರು ಊಟದ ಕೋಣೆಯಲ್ಲಿ ಮುಕ್ಕಾಲಿಯ ಮೇಲೆ ಕುಳಿತಿದ್ದರು.

"ಬಾ ಪಾ. ಅಲ್ಲೇ ನಿಂದ್ರು, ಏನೂ ಮುಟ್ಟಬ್ಯಾಡ. ಇದನ್ನ ನೋಡು."

ಅವರು ತೋರಿಸಿದ ಪೆಟ್ಟಿಗೆಯಲ್ಲಿ ಐದಡಿ ಉದ್ದದ ಹಾವಿತ್ತು. ತಲೆಯನ್ನು ಮೇಲಕ್ಕೆತ್ತಿ ಹಿಂದಕ್ಕೆ ವಾಲಿಸಿ ಚಾವಣಿ ನೋಡುತ್ತಿತ್ತು. ಸ್ವಲ್ಪ ಹೊತ್ತಿಗೆ ಬೆನ್ನಡಿಯಾಗಿ ಬಿತ್ತು. ಹೊಟ್ಟೆಯ ಬಿಳಿ ಹುರುಪೆಗಳು ಮೇಲೆ ಕಂಡವು. ಮಗುಚಿಕೊಳ್ಳಲು ಎರಡು ಸಲ ಪ್ರಯತ್ನಿಸಿತು, ಆಗಲಿಲ್ಲ. ಡಾಕ್ಟರು ಕೈಗವಸು ಹಾಕಿದ ಕೈಯಿಂದ ಅದನ್ನು ಸರಿಮಾಡಿ ಮಲಗಿಸಿದರು.

ನಾನು ಕೊಟ್ಟ ಹಾವು ಸೆಪ್ಟೆಂಬರಿನಲ್ಲೇ ಸತ್ತಿತ್ತು. ತಿಂದದ್ದನ್ನು ಕಕ್ಕುತ್ತಿತ್ತಂತೆ. ಹೊಸ ಜಾಗ ಒಗ್ಗಲಿಲ್ಲವೆಂದು ತಿಳಿದು ತೋಟದಲ್ಲಿ ಹುಗಿದಿದ್ದರು, ಯಾರಿಗೂ ತೋರಿಸಿರಲಿಲ್ಲ. ಅದಾದ ಮೇಲೆ ನಾವಿಬ್ಬರೂ ಫೋನಿನಲ್ಲಿ ನಾಲ್ಕೈದು ಸಲ ಮಾತಾಡಿದ್ದೆವು. ಒಮ್ಮೆಯೂ ಅವರು ಅದನ್ನು ಹೇಳಿರಲಿಲ್ಲ.

"ಯಾಕೆ ಹೇಳ್ಲಿಲ್ಲ ಡಾಕ್ಟ್ರೇ? ಸೆಪ್ಟೆಂಬರಲ್ಲೇ ನಾನು ಅಂಗಡಿಯವನನ್ನ ಕೇಳ್ತಿದ್ದೆ."

"ನೀ ಪ್ರೀತಿಲೆ ಕೊಟ್ಟಿದ್ದು. ಸತ್ತು ಹೋತು ಅಂತ ಹೆಂಗ ಹೇಳೂದು? ನಿನ್ನ ಮನಸ್ಸಿಗೆ ಹತ್ತತಿತ್ತು."

ಆ ನಡುವೆ ಅವರದೇ ಎರಡು ಹಾವುಗಳು ಸತ್ತವು. ಉಳಿದದ್ದು ಇಪ್ಪತ್ತೊಂಬತ್ತು. ಬೋವಾಗಳಿಗೆ ಬರುವ ಒಂದು ರೋಗವಿದೆ, ಮದ್ದಿಲ್ಲದ್ದು. ಹಾವಿನ ಮೈಮೇಲೆ ರಕ್ತ ಹೀರುವ ಉಣ್ಣಿಹುಳುಗಳಿಂದಲೂ ಮನುಷ್ಯರ ಕೈಯಿಂದಲೂ ಒಂದರಿಂದ ಒಂದಕ್ಕೆ ದಾಟುತ್ತದೆಂದು ಆಗ ನಂಬಿದ್ದರು. ವರ್ಷಗಟ್ಟಲೆ ಮೈಯಲ್ಲಿದ್ದೂ ಹೊರಗೆ ಕಾಣಿಸದೆ ಇರಬಹುದು. ಇದೆ ಎಂದು ತೋರಿಸುವ ಪರೀಕ್ಷೆಯಿತ್ತು, ಇಲ್ಲವೆಂದು ಖಚಿತ ಮಾಡುವ ಪರೀಕ್ಷೆ ಇರಲಿಲ್ಲ. ಸತ್ತ ಹಾವುಗಳ ಮಾದರಿ ಲ್ಯಾಬಿಗೆ ತಲುಪುವ ಹೊತ್ತಿಗೆ ಕೆಟ್ಟಿತ್ತು, ವರದಿ ಎರಡೂ ಕಡೆಗೆ ವಾಲುವಂತೆ ಬಂದಿತ್ತು. ಹೆಲೆನ್ ಎಂಬ ಪಶುವೈದ್ಯೆ ಡಾಕ್ಟರಿಗೆ ಒಂದು ಮಾತು ಹೇಳಿದ್ದಳು: ಅಂಗಡಿಯಲ್ಲಿ ಆ ಹಾವಿನ ಜೊತೆ ಹುಟ್ಟಿದವು ಆರೋಗ್ಯವಾಗಿದ್ದರೆ ಬೇರೆ ಕಾರಣ ಹುಡುಕೋಣ, ಉಳಿದವನ್ನು ಉಳಿಸಿಕೊಳ್ಳಬಹುದು. ಅವೂ ಹೀಗೆಯೇ ಸತ್ತಿದ್ದರೆ ತನಗೆ ಅನುಮಾನ ಉಳಿಯುವುದಿಲ್ಲ, ಮನೆಯಲ್ಲಿರುವ ಎಲ್ಲವನ್ನೂ ನೋವಿಲ್ಲದಂತೆ ಕೊಲ್ಲಬೇಕಾಗುತ್ತದೆ.

ಅಂಗಡಿಯವನು ಫೋನ್ ಎತ್ತುತ್ತಿರಲಿಲ್ಲ. ಅವನ ಮುಖ ಕಂಡಿದ್ದವನು ನಾನೊಬ್ಬನೇ. ಅದಕ್ಕೇ ಡಾಕ್ಟರು ನನ್ನನ್ನು ಕರೆಸಿದ್ದರು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಅವರ ಕಾರಿನಲ್ಲಿ ಹೊರಟೆವು. ವಾಲ್ಸಾಲ್ ಸುಮಾರು ನೂರ ಇಪ್ಪತ್ತು ಮೈಲಿ. ಮೋಟಾರುದಾರಿಯಲ್ಲಿ ಮಂಜು ಕವಿದು ಲಾರಿಗಳ ಹಿಂದಿನ ಕೆಂಪು ದೀಪಗಳಷ್ಟೇ ಕಾಣುತ್ತಿದ್ದವು. ಷೆಫೀಲ್ಡ್ ದಾಟಿದ ಮೇಲೆ ಒಂದು ಸರ್ವಿಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿ, ಕಾಫಿ ಕೊಂಡು, ಕಾರಿನೊಳಗೇ ಕುಳಿತು ವೈನಿ ಕಟ್ಟಿಕೊಟ್ಟಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಡಾಕ್ಟರು ಅರ್ಧ ರೊಟ್ಟಿಯಷ್ಟೇ ತಿಂದರು.

"ಅವನ ಮ್ಯಾಲೆ ಸಿಟ್ಟಿಗೇಳಬ್ಯಾಡ," ಎಂದರು. "ಸಿಟ್ಟಿಗೆದ್ರ ಬಾಯಿ ಮುಚ್ಚಿಬಿಡ್ತಾನ. ನಮಗ ಬೇಕಾಗಿದ್ದು ಒಂದs ಮಾತು. ಅವು ಅದಾವೋ ಇಲ್ಲೋ."

"ಅದಾವೆ ಅಂದ್ರೆ ನಂಬ್ತೀರಾ?"

"ಕಣ್ಣಿಲೆ ನೋಡಿ ಬರೂಣು."

ಡರ್ಬಿಯ ಬದಿಯಿಂದ ಲಿಚ್‌ಫೀಲ್ಡ್ ಮೇಲೆ ಹೋಗಿ ಹತ್ತೂವರೆಗೆ ತಲುಪಿದೆವು. ಕಾಲುವೆಯ ಪಕ್ಕದಲ್ಲಿ ಒಂದೇ ಥರದ ತಗಡು ಮಾಡಿನ ಶೆಡ್ಡುಗಳು. ಒಂದರಲ್ಲಿ ಟೈರು, ಒಂದರಲ್ಲಿ ಅಡುಗೆಮನೆಯ ಕಪಾಟು, ಮೂರನೆಯದರಲ್ಲಿ ಹಾವು. ಜೂನ್‌ನಲ್ಲಿ ನಾನು ಬಂದಾಗ ನೋಡಿದ್ದು ಮುಂಭಾಗದ ಅಂಗಡಿಯನ್ನು ಮಾತ್ರ. ಗಾಜಿನ ಪೆಟ್ಟಿಗೆ, ಬಣ್ಣದ ದೀಪ, ಪ್ಲಾಸ್ಟಿಕ್ ಗಿಡ. ಮಾಲೀಕ ಕೆವಿನ್ ಎಂಬುವನು, ನಲವತ್ತರ ಆಸುಪಾಸು, ದಪ್ಪಗಿನ ಮನುಷ್ಯ. ನನ್ನನ್ನು ಗುರುತು ಹಿಡಿದ.

"ಹುಟ್ಟುಹಬ್ಬದ ಹಾವು! ಹೇಗಿದೆ, ಮೇಟ್?"

ಸತ್ತಿತೆಂದೆ. ಅವನು ತಕ್ಷಣ ಕೈ ಎತ್ತಿದ. "ಇನ್ನೊಂದು ಕೊಡ್ತೀನಿ. ಕಾಸು ಬೇಡ. ಅದಕ್ಕಿಂತ ಒಳ್ಳೆ ಬಣ್ಣ ಬಂದಿದೆ ಈ ಸಲ."

ಡಾಕ್ಟರು ತಾವೂ ಬೋವಾ ಬೆಳೆಸುವವರೆಂದು ಪರಿಚಯ ಹೇಳಿಕೊಂಡು, ಹಿಂದಿನ ಶೆಡ್ ನೋಡಬಹುದೇ ಎಂದು ಕೇಳಿದರು. ಕೆವಿನ್ ಸಂಕೋಚಪಡಲಿಲ್ಲ. ಅವನಿಗೆ ಅದರ ಬಗ್ಗೆ ಹೆಮ್ಮೆಯಿತ್ತು.

ಬಾಗಿಲು ತೆಗೆದ ಕೂಡಲೇ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಇಲಿಯ ಉಚ್ಚೆ ಮತ್ತು ಒದ್ದೆ ಪೇಪರಿನ ವಾಸನೆ. ನೆಲದಿಂದ ಚಾವಣಿಯವರೆಗೆ ಕಬ್ಬಿಣದ ಅಟ್ಟಣಿಗೆಗಳು, ಅವುಗಳಲ್ಲಿ ಮುಚ್ಚಳವಿಲ್ಲದ ಪ್ಲಾಸ್ಟಿಕ್ ಡಬ್ಬಿಗಳು ಮೇಜಿನ ಖಾನೆಗಳಂತೆ ಸಾಲಾಗಿ ಕುಳಿತಿದ್ದವು. ಮೇಲಿನ ತಟ್ಟೆಯೇ ಕೆಳಗಿನ ಡಬ್ಬಿಗೆ ಮುಚ್ಚಳ. ಬೆಳಕು ಒಳಗೆ ಹೋಗುವುದಿಲ್ಲ. ಒಂದೊಂದರಲ್ಲಿ ಒಂದು ಪುಟ ಹಳೇ ಪತ್ರಿಕೆ, ಒಂದು ಬಟ್ಟಲು ನೀರು, ಒಂದು ಹಾವು. ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಬರೆದ ನಂಬರು. ಮೂಲೆಯಲ್ಲಿ ರೇಡಿಯೊ ಹಾಡುತ್ತಿತ್ತು. ಕೆವಿನ್ ಎಳೆದು ತೋರಿಸುತ್ತ ಹೋದ. ಹೆಣ್ಣುಗಳಿಗೆ ಎಡೆಬಿಡದೆ ತಿನ್ನಿಸಿ ಹದಿನೆಂಟು ತಿಂಗಳಿಗೇ ತಯಾರು ಮಾಡುತ್ತಾನೆ, ಪ್ರತಿ ವರ್ಷ ಮರಿ ಹಾಕಿಸುತ್ತಾನೆ, ಆರೇಳು ವರ್ಷಕ್ಕೆ ಅವು ಮುಗಿಯುತ್ತವೆ. ಡಾಕ್ಟರ ಮನೆಯಲ್ಲಿ ಹತ್ತೊಂಬತ್ತು ವರ್ಷದ ಹೆಣ್ಣಿದೆ ಎಂದಾಗ ಅವನು ಸಿಳ್ಳೆ ಹಾಕಿದ.

"ನಿಮ್ಮದು ಪ್ರೀತಿ, ಡಾಕ್," ಎಂದ. "ನಾನು ಚಿಕ್ಕವನಿದ್ದಾಗ ಹಾವು ಎಲ್ಲಿಂದ ಬರ್ತಿತ್ತು ಗೊತ್ತಾ? ಕಾಡಿಂದ. ಗೋಣಿಚೀಲದಲ್ಲಿ ತುಂಬಿ ವಿಮಾನಕ್ಕೆ ಹಾಕೋರು, ಅರ್ಧ ದಾರೀಲೇ ಸಾಯೋವು. ಈಗ ಯಾರೂ ಕಾಡಿಗೆ ಕೈ ಹಾಕಲ್ಲ, ನನ್ನಂಥವರಿಂದಾಗಿ. ನಿಮ್ಮ ಹಾವು ಕೊಳ್ಳೋಕೆ ಎರಡು ವರ್ಷ ಕಾಯಬೇಕು. ಇಲ್ಲಿ ಶನಿವಾರ ಬಂದು ಕೇಳಿದವನು ಶನಿವಾರವೇ ತಗೊಂಡು ಹೋಗ್ತಾನೆ."

ಈ ಮಾತಿನಲ್ಲಿ ಸುಳ್ಳಿರಲಿಲ್ಲ. ಡಾಕ್ಟರೂ ತಲೆಯಾಡಿಸಿದರು. ಆಮೇಲೆ ಬಹಳ ಸಾಧಾರಣ ದನಿಯಲ್ಲಿ, ಆ ಕಿತ್ತಳೆ ಪಟ್ಟೆಯ ಹಾವಿನ ಜೊತೆ ಹುಟ್ಟಿದವನ್ನು ನೋಡಬಹುದೇ ಎಂದು ಕೇಳಿದರು.

ಕೆವಿನ್ ರೇಡಿಯೊದ ಹತ್ತಿರ ಹೋಗಿ ದನಿ ತಗ್ಗಿಸಿದ. "ಇಲ್ಲ ಅವು."

"ಮಾರಿದಿರಾ?"

"ಕೆಲವನ್ನ." ಎಡಗಡೆಯ ಕೊನೆಯ ಮೂರು ಅಟ್ಟಣಿಗೆಗಳ ಕಡೆ ಕೈ ತೋರಿಸಿದ. ಅವುಗಳಲ್ಲಿ ಡಬ್ಬಿಗಳಿರಲಿಲ್ಲ. "ಉಳಿದವನ್ನ ಜುಲೈನಲ್ಲಿ ಖಾಲಿ ಮಾಡಿದೆ. ಕತ್ತು ತಿರುಚ್ತಿದ್ವು. ಮೇಲಕ್ಕೆ ನೋಡ್ತಾ ಹಿಂದಕ್ಕೆ ಬೀಳೋವು. ಒಂದು ಇಡೀ ಸಾಲು."

"ಪರೀಕ್ಷೆ ಮಾಡಿಸಿದಿರಾ?"

"ಏನಕ್ಕೆ? ಏನು ಅಂತ ನಂಗೆ ಗೊತ್ತಿತ್ತು. ನಿಮಗೂ ಗೊತ್ತು."

ನಾನು ಮಧ್ಯೆ ಬಾಯಿ ಹಾಕಿದೆ. ಸಿಟ್ಟಿಗೇಳಬಾರದೆಂದು ಹೇಳಿದ್ದರೂ ದನಿ ಏರಿತು. "ಜುಲೈನಲ್ಲಿ ಗೊತ್ತಾದ ಮೇಲೆ ಕೊಂಡವರಿಗೆ ಒಂದು ಫೋನ್ ಮಾಡಬಹುದಿತ್ತಲ್ಲ?"

"ಯಾರಿಗೆ ಮಾಡ್ಲಿ, ಮೇಟ್? ನಿನ್ನ ಹೆಸರು ನಂಗೆ ಗೊತ್ತಾ? ಈಗಲಾದ್ರೂ ಗೊತ್ತಾ?" ಅವನು ಜಗಳಕ್ಕೆ ನಿಂತವನಂತೆ ಹೇಳಲಿಲ್ಲ, ವಿವರಿಸುವಂತೆ ಹೇಳಿದ. ಹೌದು, ಜೂನ್‌ನಲ್ಲಿ ಅವನು ನನ್ನ ಹೆಸರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಡಾಕ್ಟರು ಖಾಲಿ ಅಟ್ಟಣಿಗೆಗಳ ಹತ್ತಿರ ಹೋದರು. ಪಕ್ಕದ ಸಾಲಿನಿಂದ ಒಂದು ಡಬ್ಬಿ ಎಳೆದರು. ನೀರಿನ ಬಟ್ಟಲಿನ ತಳದಲ್ಲಿ ಕರಿ ಎಳ್ಳಿನಂಥ ಚುಕ್ಕೆಗಳು ಬಿದ್ದಿದ್ದವು, ಉಣ್ಣಿಹುಳುಗಳು. ಅದನ್ನು ಕೆವಿನ್‌ಗೆ ತೋರಿಸಿದರು. ಅವನು ನೋಡಿ, "ಸೋಮವಾರ ಔಷಧಿ ಹೊಡೀತೀನಿ," ಎಂದ. ಹೊರಡುವಾಗ ಮತ್ತೊಮ್ಮೆ ಇನ್ನೊಂದು ಹಾವು ಒಯ್ಯಲು ಹೇಳಿದ. ಅವನ ಕೈಯಲ್ಲಿ ಆಗಲೇ ಬಟ್ಟೆಚೀಲವಿತ್ತು.

ಕಾರಿನ ಹತ್ತಿರ ಡಾಕ್ಟರು ಕೋಟು, ಬೂಟು, ಕಾಲುಚೀಲ ಬಿಚ್ಚಿ ಕಪ್ಪು ಕಸದ ಚೀಲಕ್ಕೆ ಹಾಕಿ ಗಂಟು ಕಟ್ಟಿದರು. ಬೇರೆ ಬೂಟು ತಂದಿದ್ದರು, ನನಗೂ ಒಂದು ಜೊತೆ. ತಣ್ಣಗಿನ ಡಾಂಬರಿನ ಮೇಲೆ ಬರಿಗಾಲಲ್ಲಿ ನಿಂತು ಮೊಣಕೈವರೆಗೆ ಸ್ಪಿರಿಟ್ಟಿನಿಂದ ತೊಳೆದುಕೊಂಡೆವು. ಟೈರಿನ ಶೆಡ್ಡಿನವನೊಬ್ಬ ನಮ್ಮನ್ನೇ ನೋಡುತ್ತಿದ್ದ. ಅಲ್ಲಿಂದ ಲೀಡ್ಸ್ ಮುಟ್ಟುವ ತನಕ ಡಾಕ್ಟರು ಎರಡೇ ಸಲ ಮಾತಾಡಿದರು. ಒಂದು ಸಲ ಹೆಲೆನ್‌ಗೆ ಫೋನು ಮಾಡಿ, ನಾಳೆ ಬೆಳಿಗ್ಗೆ ಬರಲು. ಇನ್ನೊಂದು ಸಲ, ಹೀಟರ್ ಜಾಸ್ತಿ ಆಯಿತೇ ಎಂದು ನನ್ನನ್ನು ಕೇಳಲು.

ಶನಿವಾರ ಹತ್ತಕ್ಕೆ ಹೆಲೆನ್ ಬಂದಳು. ಐವತ್ತರ ಹೆಂಗಸು, ಬೂದು ಕೂದಲು. ಮೂರು ವರ್ಷದ ಹಿಂದೆ ಕಾಲುಬಾಯಿ ರೋಗದ ಕಾಲದಲ್ಲಿ ರೋಗ ಹರಡದಿರಲೆಂದು ಸರ್ಕಾರ ದನಗಳನ್ನು ಕೊಲ್ಲಿಸಿದಾಗ ಆ ಕೆಲಸಕ್ಕೆ ಹಾಕಲ್ಪಟ್ಟವಳು. ಚಹಾ ಬೇಡವೆಂದಳು. "ಮಾಡುವಾಗ ನಿಧಾನ ಮಾಡೋಣ," ಎಂದಳು. "ಆಗ ನಮಗೆ ನಿಧಾನ ಮಾಡೋದಕ್ಕೆ ಬಿಡ್ತಿರಲಿಲ್ಲ."

ಅಡುಗೆಮನೆಯ ಪಕ್ಕದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದರು. ಅವಳು ಸೂಜಿ ಹಾಕುತ್ತಿದ್ದಳು, ಡಾಕ್ಟರು ಹಾವನ್ನು ಹಿಡಿದು, ಎದೆಬಡಿತ ಕೇಳಿಸುವ ಸಣ್ಣ ಯಂತ್ರವನ್ನು ಅದರ ಹೊಟ್ಟೆಗೆ ಒತ್ತಿ ಹಿಡಿಯುತ್ತಿದ್ದರು. ಕೋಣೆಯ ತುಂಬ ಆ ಶಬ್ದ, ಬಟ್ಟೆ ಒಗೆದ ಹಾಗೆ. ಹಾವಿನ ಹೃದಯ ಬೇಗ ನಿಲ್ಲುವುದಿಲ್ಲ. ನಿಂತಿತೆಂದುಕೊಂಡ ಮೇಲೆ ಮತ್ತೆ ಎರಡು ಬಡಿತ ಬರುತ್ತದೆ. ನಾನು ಕಾರ್ಡುಗಳನ್ನು ಒಂದೊಂದಾಗಿ ತೆಗೆದು ನಂಬರು ಓದಿ, ಮುಗಿದ ಮೇಲೆ ಗಂಟೆ ಬರೆಯಬೇಕಿತ್ತು. ಅಷ್ಟೇ ನನ್ನ ಕೆಲಸ. ಬಹುಪಾಲು ಹಾವುಗಳು ನೋಡಲು ಏನೂ ಆಗದ ಹಾವುಗಳು. ಹೊಳೆಯುವ ಮೈ, ನಾಲಿಗೆ ಹೊರಗೆ ಹಾಕಿ ಡಾಕ್ಟರ ಮಣಿಕಟ್ಟನ್ನು ಮೂಸುತ್ತಿದ್ದವು. ಮಧ್ಯಾಹ್ನ ವೈನಿ ಅನ್ನ ಸಾರು ಮಾಡಿಟ್ಟರು, ಯಾರೂ ಕೂರಲಿಲ್ಲ. ಒಮ್ಮೆ ಅವರು ಬಾಗಿಲಲ್ಲಿ ನಿಂತು ನೋಡಿದರು. "ನಾ ಇವನ್ನ ಒಂದು ದಿನಾನೂ ಮುಟ್ಟಿಲ್ರಿ," ಎಂದು ನನಗೆ ಹೇಳಿ ಒಳಗೆ ಹೋದರು.

ನಾಲ್ಕು ಗಂಟೆಗೆ ಒಂದೇ ಉಳಿಯಿತು. ಎಲ್ಲಕ್ಕೂ ಮೊದಲನೆಯ ತಾಯಿ, ಹತ್ತೊಂಬತ್ತು ವರ್ಷದ ಹೆಣ್ಣು. ವಯಸ್ಸಾಯಿತೆಂದು ಎರಡು ವರ್ಷದಿಂದ ಮಹಡಿಯ ಮೇಲಿನ ಓದುವ ಕೋಣೆಯಲ್ಲಿ ಬೇರೆಯಾಗಿತ್ತು.

"ಅಕಿ ಈ ಕೋಣಿಯೊಳಗ ಇರಲೇ ಇಲ್ಲ," ಎಂದು ಡಾಕ್ಟರು ನನಗೆ ಹೇಳಿ, ಅದನ್ನೇ ಹೆಲೆನ್‌ಗೂ ಹೇಳಿದರು. ಹೆಲೆನ್ ಕೈಗವಸು ತೆಗೆದಳು. ಆ ಒಂದರ ವಿಷಯ ತಾನು ಒತ್ತಾಯ ಮಾಡುವುದಿಲ್ಲ, ಅಪಾಯ ಇದೆಯೋ ಇಲ್ಲವೋ ಹೇಳಲಾರೆ, ನಿರ್ಧಾರ ನಿಮ್ಮದು ಎಂದಳು. ಕಾರಿನಲ್ಲಿ ಕಾಯುತ್ತೇನೆಂದು ಹೊರಗೆ ಹೋದಳು.

ಡಾಕ್ಟರು ಮುಕ್ಕಾಲಿಯ ಮೇಲೆ ಕುಳಿತರು. "ಮಂಜು, ನಿಮ್ಮ ಫ್ಯಾಕ್ಟರಿಯೊಳಗಾದ್ರ ಏನ್ ಮಾಡ್ತಿದ್ರಿ? ಬ್ಯಾರೆ ಕೋಣಿಯೊಳಗ ಇದ್ದ ಮಾಲು."

ಹೊರಗೆ ಬಿಡುತ್ತಿದ್ದೆವು ಎನ್ನಬಹುದಿತ್ತು, ಬಿಡುತ್ತಿರಲಿಲ್ಲ ಎನ್ನಬಹುದಿತ್ತು. ಬೇರೆಯವರ ಮಾಲಿನ ಬಗ್ಗೆ ಕೇಳುವ ಪ್ರಶ್ನೆಯನ್ನೇ ಕೇಳಿದೆ. "ಜೂನ್‌ನಿಂದೀಚೆಗೆ ಕೈ ತೊಳೆಯದೆ ಒಂದು ಸಲವಾದ್ರೂ ಅದನ್ನ ಮುಟ್ಟಿದೀರಾ?"

ಅವರು ಯೋಚಿಸಿದರು. ಯೋಚಿಸಬೇಕಾಗಿರಲಿಲ್ಲ, ಇಬ್ಬರಿಗೂ ನೆನಪಿತ್ತು. ಅರವತ್ತು ತುಂಬಿದ ದಿನ ಜನ ಕೇಳಿದರೆಂದು ಹಳೆಯ ತಾಯಿಯನ್ನು ಹೆಗಲ ಮೇಲೆ ಹಾಕಿಕೊಂಡು, ನಾನು ಕೊಟ್ಟ ಮರಿಯನ್ನು ಅದೇ ಕೈಗೆ ಸುತ್ತಿಕೊಂಡು ನಿಂತಿದ್ದರು. ಫೋಟೊ ತೆಗೆದದ್ದು ನಾನೇ.

"ಬಿಡ್ತಿದ್ದಿ ಏನು, ನೀನು?" ಎಂದು ಕೇಳಿದರು.

"ಬಿಡ್ತಿರ್ಲಿಲ್ಲ," ಎಂದೆ.

ಅವರು ಎದ್ದು ಮಹಡಿಗೆ ಹೋಗಿ ಅದನ್ನು ಎರಡೂ ತೋಳಿನಲ್ಲಿ ತಂದರು. ಏಳಡಿ ಉದ್ದ, ಭಾರವಾಗಿತ್ತು. ಹೆಲೆನ್‌ಳನ್ನು ಕರೆಯಲು ನಾನು ಹೊರಗೆ ಹೋದೆ. ಅದರ ಹೃದಯ ನಿಲ್ಲಲು ಇಪ್ಪತ್ತಾರು ನಿಮಿಷ ಹಿಡಿಯಿತು. ಕಾರ್ಡಿನ ಮೇಲೆ ಗಂಟೆ ಬರೆದೆ.

ಭಾನುವಾರ ಹನ್ನೊಂದರ ರೈಲಿಗೆ ನಾನು ಹೊರಡಬೇಕಿತ್ತು. ಒಂಬತ್ತಕ್ಕೆ ಕೆಳಗೆ ಬಂದಾಗ ಡಾಕ್ಟರು ಹಜಾರದಲ್ಲಿ ಫೋನಿನ ಪಕ್ಕ ಕುಳಿತಿದ್ದರು. ಮುಂದೆ ಒಂಬತ್ತು ಕಾರ್ಡುಗಳಿದ್ದವು. ಆ ಬೇಸಿಗೆಯಲ್ಲಿ ಹುಟ್ಟಿ, ಅಕ್ಟೋಬರಿನಲ್ಲಿ ಮಾರಾಟವಾದ ಮರಿಗಳದ್ದು. ಒಂದೊಂದರ ಹಿಂದೆಯೂ ಕೊಂಡವರ ಹೆಸರು, ಪೋಸ್ಟ್‌ಕೋಡ್, ಅವರು ಬಂದ ಎರಡು ದಿನಗಳು. ಆರು ಜನರಿಗೆ ಆಗಲೇ ಹೇಳಿಯಾಗಿತ್ತು. ಏಳನೆಯವನು ಫ್ರಾಂಕ್, ವೇಕ್‌ಫೀಲ್ಡಿನ ನಿವೃತ್ತ ಬಸ್ ಡ್ರೈವರ್. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಒಂದು ಜೀವ ಇರಲಿ ಎಂದು ಕೊಂಡಿದ್ದವನು. ಅವನ ದೊಡ್ಡ ದನಿ ನನಗೂ ಕೇಳುತ್ತಿತ್ತು.

"ಆದ್ರೆ ಇದು ಚೆನ್ನಾಗಿದೆ, ಡಾಕ್ಟರ್. ನಿನ್ನೆ ತಾನೇ ಇಲಿ ತಿಂತು. ನೀವು ಬರೆದುಕೊಟ್ಟ ಹಾಗೇ, ತಲೆಯ ಕಡೆಯಿಂದ ಬಿಸಿ ಮಾಡಿ ಕೊಟ್ಟೆ."

"ನಮ್ಮವೂ ಬುಧವಾರ ತಿಂದಿದ್ದವು, ಫ್ರಾಂಕ್," ಎಂದರು ಡಾಕ್ಟರು.

ಏನು ಮಾಡಬೇಕೆಂದು ಫ್ರಾಂಕ್ ಕೇಳಿದ. ಡಾಕ್ಟರು ಮಂಗಳವಾರ ಹೆಲೆನ್ ಜೊತೆ ತಾವೇ ಬರುವುದಾಗಿ, ಅಲ್ಲಿಯವರೆಗೆ ಬೇರೆ ಯಾರ ಹಾವನ್ನೂ ಮುಟ್ಟಬಾರದೆಂದು ಹೇಳಿ, ಕೊನೆಗೆ ಕ್ಷಮೆ ಕೇಳಿದರು. ಫೋನಿಟ್ಟು ಕಾರ್ಡಿನ ಮೇಲೆ ಮಂಗಳವಾರ ಎಂದು ಬರೆದುಕೊಂಡರು.

"ಒಂಬತ್ತು ಮನೆಗೂ ಹೋಗ್ತೀರಾ?"

"ಹೋಗಬೇಕಲ್ಲೋ. ನನ್ನ ನಂಬಿ ತಗೊಂಡಾರ."

"ನಾನು ಇನ್ನೊಂದು ವಾರ ರಜೆ ಹಾಕ್ತೀನಿ ಡಾಕ್ಟ್ರೇ. ಕಾರು ನಾನು ಓಡಿಸ್ತೀನಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆ ನಾಲ್ಕು ದಿನದಲ್ಲಿ ಅವರು ನನಗೆ ಒಂದು ಬಿರುಸಾದ ಮಾತನ್ನೂ ಹೇಳಿರಲಿಲ್ಲ. ಆಗಲೂ ಹೇಳಿದ್ದು ಮೆತ್ತಗೇ.

"ನೀ ಬ್ಯಾಡ ಪಾ. ಇವರ್ಯಾರು ಅಂತ ಅವರು ಕೇಳ್ತಾರ. ನಾ ಏನ್ ಹೇಳ್ಲಿ?"

ಹೊರಗೆ ಟ್ಯಾಕ್ಸಿ ಬಂದಿತ್ತು. ವೈನಿ ಬುತ್ತಿ ಕೊಟ್ಟು, ಮುಟ್ಟಿದ ಮೇಲೆ ಫೋನ್ ಮಾಡಲು ಹೇಳಿದರು. ಮಳೆ ನಿಂತು, ಬಿಸಿಲಿಲ್ಲದ ಬಿಳಿ ಬೆಳಕು ರಸ್ತೆಯ ಮೇಲಿತ್ತು. ಟ್ಯಾಕ್ಸಿ ತಿರುಗುವಾಗ ಹಜಾರದ ಕಿಟಕಿಯಲ್ಲಿ ಡಾಕ್ಟರು ಕಂಡರು. ಎಂಟನೆಯ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ನಂಬರು ಒತ್ತುತ್ತಿದ್ದರು. ಅವರು ತಲೆ ಎತ್ತಲಿಲ್ಲ.